ಮೀನಿಲ್ಲ ಎಂದ ತಾಹಿರಾ

ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ರಸ್ತೆಯಲ್ಲಿ ನೆಲ್ಲಿಬೈಲು ಸೇತುವೆ ದಾಟಿದ ಕೂಡಲೇ ಎಡಗಡೆ ಒಂದು ಹೋಟೆಲಿದೆ. ಅದಕ್ಕೆ ಬೋರ್ಡಿಲ್ಲ. ಬೋರ್ಡು ಬರೆಸುವುದೆಂದು ತೀರ್ಮಾನವಾಗಿ ಹದಿನಾಲ್ಕು ವರ್ಷವಾಯಿತು. ಹೆಸರೇನಿಡಬೇಕೆಂಬುದು ಗಂಡಹೆಂಡಿರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ. ಊರವರು ತಾಹಿರಾ ಹೋಟೆಲ್ ಎನ್ನುತ್ತಾರೆ. ಪಕ್ಕದ ತಗಡಿನ ಶೆಡ್ಡಿನಲ್ಲಿ ಜೀಪು ರಿಪೇರಿ ಮಾಡುವ ಅವಳ ಗಂಡ ಜಿಯಾಉದ್ದೀನ್ ಮಾತ್ರ ‘ನಮ್ಮ ಹೋಟೆಲ್’ ಎನ್ನುತ್ತಾನೆ, ಅದೂ ತಾಹಿರಾ ಹತ್ತಿರದಲ್ಲಿ ಇಲ್ಲದಾಗ.

ತಾಹಿರಾಳಿಗೆ ಈಗ ನಲವತ್ತಾರು. ಅವಳ ತಂದೆ ಕೊಟ್ಟಿಗೆಹಾರದಲ್ಲಿ ಮೀನು ಮಾರುತ್ತಿದ್ದರು. ಚಾರ್ಮಾಡಿ ಘಾಟಿ ಹತ್ತಿ ಬಂದ ಮಂಗಳೂರಿನ ಮೀನನ್ನು ಸೈಕಲ್ಲಿಗೆ ಕಟ್ಟಿಕೊಂಡು ಎಸ್ಟೇಟಿನ ಕೂಲಿಗಳ ಲೈನು ಮನೆಗಳಿಗೆ ಒಯ್ಯುತ್ತಿದ್ದರು. ಬಂಗುಡೆಯ ಕಣ್ಣು ನೋಡಿ ಅದು ಕಡಲು ಬಿಟ್ಟು ಎಷ್ಟು ಹೊತ್ತಾಯಿತೆಂದು ಹೇಳುವುದನ್ನು ಅವಳು ಎಂಟನೇ ವಯಸ್ಸಿಗೇ ಕಲಿತಳು. ಮದುವೆಯಾಗಿ ನೆಲ್ಲಿಬೈಲಿಗೆ ಬಂದಮೇಲೆ ಮೊದಲು ಟೀ, ಆಮೇಲೆ ಕಡುಬು, ಆಮೇಲೆ ಮಧ್ಯಾಹ್ನದ ಊಟ ಎಂದು ಹೋಟೆಲು ತಾನಾಗಿ ಬೆಳೆಯಿತು. ಮೊದಲಿನಿಂದಲೂ ಅವಳದು ಕಡಿಮೆ ಮಾತು. ಒಂದು ಶಬ್ದದಲ್ಲಿ ಮುಗಿಯುವ ಉತ್ತರಕ್ಕೆ ಎರಡನೆಯದನ್ನು ಅವಳು ಸೇರಿಸಿದವಳಲ್ಲ. ತೊಂದರೆಯಾದದ್ದು ಅದರಿಂದಲೇ.

ಎರಡು ವರ್ಷದ ಹಿಂದಿನ ನವೆಂಬರಿನಲ್ಲಿ ಒಂದು ಮಧ್ಯಾಹ್ನ ಬಿಳಿ ಬಣ್ಣದ ಜೀಪು ಬಂದು ನಿಂತಿತು. ಇಳಿದವನು ಜಯಪ್ರಕಾಶ್ ಎಂಬ ಯುವಕ. ಊರಿನ ಮೇಲಿರುವ ಸಂಕಲಗುಡ್ಡದಲ್ಲಿ ಅದಿರು ತೆಗೆಯಲು ಅರ್ಜಿ ಹಾಕಿದ್ದ ಕಂಪನಿಯೊಂದರ ಪರವಾಗಿ ಸರ್ವೆಗೆ ಬಂದವನು. ಗುಡ್ಡದ ನೆತ್ತಿಯಲ್ಲಿ ಹುಟ್ಟುವ ದೊಡ್ಡಹಳ್ಳ ನೆಲ್ಲಿಬೈಲಿನ ಸೇತುವೆಯ ಕೆಳಗೆ ಹರಿದು, ಮುಂದೆ ಕಳಸದ ಆಚೆ ಭದ್ರಾ ನದಿಗೆ ಸೇರುತ್ತದೆ. ಜಯಪ್ರಕಾಶನ ಕೈಯಲ್ಲಿ ಒಂದು ಫಾರ್ಮು, ಅದರಲ್ಲಿ ತುಂಬಬೇಕಾದ ನಲವತ್ತು ಖಾಲಿ ಜಾಗಗಳು ಇದ್ದವು. ಅವನು ಕೈ ತೊಳೆದುಕೊಂಡು ಬೆಂಚಿನ ಮೇಲೆ ಕೂತ.

“ಮೀನಿದೆಯಾ?” ಎಂದು ಕೇಳಿದ.

“ಮೀನಿಲ್ಲ,” ಎಂದಳು ತಾಹಿರಾ.

“ಮೊದಲು ಇತ್ತಾ?”

“ಮೊದ್ಲು ದಿನಾ ಬರ್ತಿತ್ತು. ಈಗ ಬರ್ತಿಲ್ಲ.”

“ಯಾಕೆ?”

“ದಾರಿ ಹಾಳಾಗಿದೆ.”

ಚಾರ್ಮಾಡಿಯಲ್ಲಿ ಗುಡ್ಡ ಜರಿದು, ರಿಪೇರಿಗೆಂದು ದೊಡ್ಡ ಗಾಡಿಗಳನ್ನು ನಿಲ್ಲಿಸಿ ಆಗ ಎರಡು ವಾರವಾಗಿತ್ತು. ಮೀನಿನ ವ್ಯಾನು ಬರುತ್ತಿರಲಿಲ್ಲ. ಜಯಪ್ರಕಾಶ್ ತಲೆಯಾಡಿಸಿ ಏನನ್ನೋ ಬರೆದುಕೊಂಡ. ಮೊಟ್ಟೆ ಸಾರಿನಲ್ಲಿ ಊಟ ಮಾಡಿ, ಚೆನ್ನಾಗಿದೆ ಎಂದು ಹೇಳಿ ಹೋದ. ತಾಹಿರಾ ಅವನನ್ನು ಮರೆತಳು.

ಮುಂದಿನ ಫೆಬ್ರವರಿಯಲ್ಲಿ ಪಂಚಾಯ್ತಿ ಆಫೀಸಿಗೆ ಎರಡು ಇಟ್ಟಿಗೆ ದಪ್ಪದ ವರದಿ ಬಂತು. ಗಣಿ ಬಂದರೆ ಪರಿಸರಕ್ಕೆ ಏನಾಗುತ್ತದೆ ಎನ್ನುವುದರ ವರದಿ. ಏನೂ ಆಗುವುದಿಲ್ಲ ಎನ್ನುವುದಕ್ಕೆ ಅಷ್ಟು ಪುಟ ಹಿಡಿದಿತ್ತು. ಇಂಗ್ಲಿಷಿನಲ್ಲಿದ್ದದ್ದರಿಂದ ಅದನ್ನು ಓದುವ ಕೆಲಸ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಷಡಕ್ಷರಿಯವರ ಪಾಲಿಗೆ ಬಂತು. ಅವರು ಒಂಬತ್ತು ದಿನ ಓದಿದರು. ಹತ್ತನೇ ದಿನ ಹೋಟೆಲಿಗೆ ಬಂದು, ಟೀ ಬೇಡವೆಂದು ಹೇಳಿ, ಕನ್ನಡಕ ಹಾಕಿಕೊಂಡು ಇನ್ನೂರ ಹನ್ನೆರಡನೇ ಪುಟವನ್ನು ಕನ್ನಡದಲ್ಲಿ ಓದಿ ಹೇಳಿದರು.

“ಸ್ಥಳೀಯ ನಿವಾಸಿ ಶ್ರೀಮತಿ ತಾಹಿರಾ ಅವರ ಪ್ರಕಾರ ಈ ಹಳ್ಳದಲ್ಲಿ ಈಗ ಮೀನುಗಳಿಲ್ಲ. ಹಿಂದೆ ಪ್ರತಿದಿನ ಬರುತ್ತಿದ್ದವು. ವಲಸೆಯ ಮಾರ್ಗ ಈಗಾಗಲೇ ಹಾಳಾಗಿರುವುದರಿಂದ ಬರುವುದು ನಿಂತಿದೆ. ಆದ್ದರಿಂದ ಗಣಿಯಿಂದ ಮೀನುಗಳಿಗೆ ಹೊಸದಾಗಿ ತೊಂದರೆಯಾಗುವ ಪ್ರಶ್ನೆ ಉದ್ಭವಿಸುವುದಿಲ್ಲ.”

ತಾಹಿರಾ ಒಲೆಯ ಉರಿ ತಗ್ಗಿಸಿದಳು. “ಇನ್ನೊಂದ್ಸಲ ಓದಿ,” ಎಂದಳು. ಷಡಕ್ಷರಿ ಓದಿದರು. ಎರಡನೆಯ ಸಲವೂ ಅದೇ ಇತ್ತು.

ಹತ್ತುಮೀನು ಎಂದರೆ ಏನೆಂದು ಗೊತ್ತಿಲ್ಲದವರು ಆ ಊರಿನಲ್ಲಿಲ್ಲ. ಜೂನಿನಲ್ಲಿ ಮೊದಲ ದೊಡ್ಡ ಮಳೆ ಹಿಡಿದು ಹಳ್ಳಕ್ಕೆ ಕೆಂಪು ನೀರು ಬಂದ ಕೂಡಲೇ ಭದ್ರೆಯಲ್ಲಿರುವ ಮೀನುಗಳು ನೀರಿಗೆ ಎದುರಾಗಿ ಮೇಲೆ ಹತ್ತುತ್ತವೆ. ಮೇಲಿನ ತಿಳಿ ಮಡುಗಳಲ್ಲಿ, ಗದ್ದೆಯಂಚಿನ ಕಾಲುವೆಗಳಲ್ಲಿ ಮೊಟ್ಟೆಯಿಟ್ಟು ತಿರುಗಿ ಇಳಿಯುತ್ತವೆ. ಐದಾರು ದಿನದ ವ್ಯವಹಾರ. ಉಳಿದ ಮುನ್ನೂರ ಅರವತ್ತು ದಿನ ಹಳ್ಳದಲ್ಲಿ ಏಡಿ ಮತ್ತು ಚಿಳ್ಳೆ ಮೀನು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ. ಆ ಐದಾರು ದಿನಕ್ಕಾಗಿ ಮನೆಮನೆಯಲ್ಲೂ ಬಿದಿರಿನ ಕೂಳಿ ಹೆಣೆದಿಟ್ಟುಕೊಂಡಿರುತ್ತಾರೆ. ಹರಿವಿಗೆ ಅಡ್ಡ ಇಟ್ಟರೆ ಮೀನು ಒಳಗೆ ಹೋಗುತ್ತದೆ, ಹೊರಗೆ ಬರಲಾರದು. ಕಡಲಿನಲ್ಲಿ ದೋಣಿ ನಿಂತು ಬಂಗುಡೆ ಬಾರದ ಆ ಕಾಲಕ್ಕೆ ತಾಹಿರಾಳ ಹೋಟೆಲಿನ ಸಾರಿಗೂ ಅದೇ ಮೀನು.

ಇನ್ನೂರ ಹನ್ನೆರಡನೇ ಪುಟದ ಸುದ್ದಿ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಜಿಯಾಉದ್ದೀನನ ಶೆಡ್ಡಿನಲ್ಲಿ ಕಂಪನಿಯ ಜೀಪುಗಳು ರಿಪೇರಿಗೆ ನಿಲ್ಲುತ್ತಿದ್ದದ್ದನ್ನು ಎಲ್ಲರೂ ನೋಡಿದ್ದರು. ಎರಡನ್ನೂ ಸೇರಿಸಿ ನೋಡುವುದು ಯಾರಿಗೂ ಕಷ್ಟವಾಗಲಿಲ್ಲ. ಮೂರು ಎಕರೆ ಕಾಫಿ, ಒಂದು ಗದ್ದೆ ಇದ್ದ ಗುರುವಯ್ಯನವರು ಗಣಿ ವಿರೋಧಿ ಸಮಿತಿಯ ಅಧ್ಯಕ್ಷರಾಗಿದ್ದರು. ಇನ್ನು ಮೇಲೆ ತಾಹಿರಾ ಹೋಟೆಲಿಗೆ ಯಾರೂ ಹೋಗಕೂಡದೆಂದು ಸಮಿತಿಯಲ್ಲಿ ತೀರ್ಮಾನ ಮಾಡಿಸಿದರು. ಆದರೆ ಒಂಬತ್ತು ಕಿಲೋಮೀಟರಿನೊಳಗೆ ಬೇರೆ ಹೋಟೆಲಿರಲಿಲ್ಲ. ಮೂರನೇ ದಿನ ಸಮಿತಿಯವರು ಬಂದು, ಒಳಗೆ ಕೂರದೆ ಹೊರಗಿನ ಕಟ್ಟೆಯ ಮೇಲೆ ರಸ್ತೆಗೆ ಮುಖಮಾಡಿ ಕೂತು ಟೀ ಕುಡಿದರು. ಹಾಗೆ ಕೂತರೆ ಹೋದ ಹಾಗಲ್ಲವೆಂದು ಗುರುವಯ್ಯನವರೇ ವಿವರಿಸಿದರು. ತಾಹಿರಾ ಗ್ಲಾಸುಗಳನ್ನು ಹೊರಗೆ ತಂದುಕೊಟ್ಟಳು.

ಮನೆಯಲ್ಲೂ ಸುಖವಿರಲಿಲ್ಲ. “ನೀನು ಹೇಳಿದ್ದು ಹೌದಾ?” ಎಂದು ಜಿಯಾಉದ್ದೀನ್ ಕೇಳಿದ.

“ಹೌದು.”

“ಅಲ್ಲ ಅಂತ ಹೇಳು ಮಾರಾಯ್ತಿ. ಮುಗೀತು.”

“ಹೇಳಿದ್ದನ್ನ ಹೇಳಿಲ್ಲ ಅಂತ ಹೆಂಗೆ ಹೇಳದು? ನಾನು ಹೇಳಿದ್ದು ಬಂಗುಡೆ ವಿಷಯ.”

“ಹಂಗಾದ್ರೆ ಬಿಟ್ಬಿಡು. ಗಣಿ ಬಂದ್ರೆ ನಲವತ್ತು ಗಾಡಿ ಬರತ್ತೆ. ನಂಗೆ ಇಲ್ಲೇ ಕೆಲಸ.”

ತಾಹಿರಾ ಅವನ ಮುಖ ನೋಡಿದಳು. ಅವನು ಕೆಟ್ಟವನಲ್ಲ. ಇಪ್ಪತ್ತು ವರ್ಷದಿಂದ ಅದೇ ಏಳು ಜೀಪುಗಳನ್ನು ರಿಪೇರಿ ಮಾಡಿ ಬೇಸತ್ತಿದ್ದ. ಅವಳಿಗೆ ಸಿಟ್ಟು ಬಂದದ್ದು ಅವನ ಮೇಲಲ್ಲ, ಊರವರ ಮೇಲೂ ಅಲ್ಲ. ಮೀನು ಮಾರಿದವನ ಮಗಳ ಹೆಸರಿನಲ್ಲಿ ಮೀನಿನ ವಿಷಯದಲ್ಲೇ ಸುಳ್ಳು ಅಚ್ಚಾಗಿದೆಯಲ್ಲ, ಅದು ಅವಳಿಗೆ ತಡೆಯಲಾಗಲಿಲ್ಲ. ತಂದೆ ಹಳಸಿದ ಮೀನನ್ನು ತಾಜಾ ಎಂದು ಒಂದು ದಿನವೂ ಮಾರಿದವರಲ್ಲ. ಅವರು ತೀರಿಹೋಗಿ ಹನ್ನೊಂದು ವರ್ಷವಾಗಿತ್ತು. ಇದ್ದಿದ್ದರೆ ಇದನ್ನು ಅವರಿಗೆ ಹೇಗೆ ಹೇಳಬೇಕಿತ್ತು ಎಂದು ಅವಳು ಪಾತ್ರೆ ತೊಳೆಯುತ್ತಾ ಯೋಚಿಸಿದಳು.

ಅಂದಿನಿಂದ ಅವಳು ಅಪರಿಚಿತರಿಗೆಲ್ಲ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡತೊಡಗಿದಳು. ಹೊರನಾಡಿಗೆ ಹೋಗುತ್ತಿದ್ದ ಒಂದು ಸಂಸಾರ ಕಾರು ನಿಲ್ಲಿಸಿ, ಕಾಫಿ ಇದೆಯಾ ಎಂದು ಕೇಳಿದಾಗ, “ಈ ಹೋಟೆಲಿನಲ್ಲಿ ಈಗ ಮಾಡಿದ ಕಾಫಿ ಇಲ್ಲ, ಆದರೆ ಸುತ್ತಲ ತೋಟಗಳಲ್ಲಿ ಇದೆ, ಹತ್ತು ನಿಮಿಷ ಕೂತರೆ ಇಲ್ಲೂ ಆಗುತ್ತದೆ,” ಎಂದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು.

ಮಾರ್ಚಿನಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳುವ ಸಭೆ ನಡೆಯಿತು. ಶಾಲೆಯ ಮೈದಾನದಲ್ಲಿ ಶಾಮಿಯಾನ, ಇನ್ನೂರು ಕುರ್ಚಿ, ವಿಡಿಯೋ ತೆಗೆಯುವವರು, ವೇದಿಕೆಯ ಮೇಲೆ ಅಧಿಕಾರಿಗಳು. ಕಂಪನಿಯವರು ಎಲ್ಲರಿಗೂ ಊಟದ ಪೊಟ್ಟಣ ತರಿಸಿದ್ದರು. ವಿರೋಧಿಸಲು ಬಂದವರು ಮೊದಲು ಅದನ್ನು ಮುಟ್ಟಲಿಲ್ಲ. ಭಾಷಣಗಳು ಎರಡು ಗಂಟೆ ದಾಟಿದ ಮೇಲೆ ಮುಟ್ಟಿದರು. ಗುರುವಯ್ಯನವರು ಬರೆದು ತಂದದ್ದನ್ನು ಓದಿದರು. ಷಡಕ್ಷರಿಯವರು ಕಾನೂನಿನ ಏಳು ಅಂಶ ಹೇಳಿದರು. ಕೆಲಸ ಸಿಗುತ್ತದೆಂದು ಗಣಿಯ ಪರ ಮಾತಾಡಿದವರೂ ಹತ್ತು ಜನ ಇದ್ದರು. ಜಿಯಾಉದ್ದೀನ್ ಯಾವ ಕಡೆಯೂ ಕೂರದೆ ಮೈದಾನದ ಬೇಲಿಯ ಹತ್ತಿರ ನಿಂತಿದ್ದ.

ತಾಹಿರಾಳ ಸರದಿ ಬಂದಾಗ ಮೂರು ಗಂಟೆ. ಮೈಕಿನ ಮುಂದೆ ನಿಂತು, “ಇನ್ನೂರ ಹನ್ನೆರಡನೇ ಪುಟದಲ್ಲಿರೋ ತಾಹಿರಾ ನಾನೇ,” ಎಂದಳು. ಅಲ್ಲಲ್ಲಿ ಗುಸುಗುಸು ಎದ್ದಿತು.

“ಹೇಳಮ್ಮ,” ಎಂದರು ಅಧಿಕಾರಿ.

“ಮೀನಿಲ್ಲ ಅಂತ ನಾನು ಹೇಳಿದ್ದು ನಿಜ. ನನ್ನ ಹೋಟೆಲಲ್ಲಿ ಅವತ್ತು ಮೀನಿರ್ಲಿಲ್ಲ. ಮಂಗಳೂರಿನ ವ್ಯಾನು ಬಂದಿರ್ಲಿಲ್ಲ. ದಾರಿ ಹಾಳಾಗಿದ್ದು ಚಾರ್ಮಾಡಿದು.”

ಜಯಪ್ರಕಾಶ್ ಕಂಪನಿಯವರ ಸಾಲಿನಲ್ಲಿ ಕೂತಿದ್ದ. ಅವನನ್ನು ಎಬ್ಬಿಸಿ ಕೇಳಿದಾಗ, “ನಾನು ಕೇಳಿದ್ದು ಹಳ್ಳದ ಮೀನಿನ ಬಗ್ಗೆ ಸಾರ್,” ಎಂದ.

“ಕೈ ತೊಳ್ಕೊಂಡು ಬೆಂಚಲ್ಲಿ ಕೂತು ಕೇಳಿದ್ರಿ,” ಎಂದಳು ತಾಹಿರಾ. “ಇಲ್ಲ ಅಂದ್ಮೇಲೆ ಮೊಟ್ಟೆ ಇದೆಯಾ ಅಂತಾನೂ ಕೇಳಿದ್ರಿ. ಅದನ್ನೂ ಬರ್ದಿದ್ದೀರಾ?”

ಮೈದಾನದಲ್ಲಿ ನಗೆ ಎದ್ದಿತು. ಅಧಿಕಾರಿ ನಗಲಿಲ್ಲ, ಬಾಟಲಿಯ ನೀರು ಕುಡಿದರು. ಕಂಪನಿಯ ವಕೀಲರು ಎದ್ದು ನಿಂತು ನಯವಾಗಿಯೇ ಕೇಳಿದರು. “ಈ ಹಳ್ಳದಲ್ಲಿ ಮೀನು ಹತ್ತುವುದನ್ನು ನೀವು ಕಣ್ಣಾರೆ ನೋಡಿದ್ದೀರಾ?”

ಮೀನು ಹತ್ತುವ ದಿನಗಳಲ್ಲೇ ಹೋಟೆಲಿಗೆ ಎಲ್ಲಿಲ್ಲದ ಗಿರಾಕಿ. ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ಒಲೆ ಬಿಟ್ಟು ಹಳ್ಳಕ್ಕೆ ಹೋದದ್ದೇ ಇಲ್ಲ.

“ನೋಡಿಲ್ಲ,” ಎಂದಳು. “ಸಾರು ಮಾಡಿದ್ದೀನಿ.”

ವಕೀಲರು ಕೂತರು. ಅದನ್ನು ಗೆಲುವೆಂದು ಅವರು ತಿಳಿದರೋ ಸೋಲೆಂದೋ ಹೇಳಲಾಗುವುದಿಲ್ಲ. ಅಧಿಕಾರಿ ಅವಳ ಹೇಳಿಕೆಯನ್ನು ಬರೆಸಿಕೊಂಡು, ಮೀನಿನ ಅಧ್ಯಾಯವೆಲ್ಲ ಈ ಒಂದು ಮಾತಿನ ಮೇಲೆ ಮತ್ತು ಜನವರಿಯಲ್ಲಿ ಹಾಕಿದ ಒಂದು ಬಲೆಯ ಮೇಲೆ ನಿಂತಿರುವುದರಿಂದ ಮಳೆಗಾಲದಲ್ಲಿ ಮತ್ತೊಮ್ಮೆ ಅಧ್ಯಯನವಾಗಬೇಕೆಂದು ಟಿಪ್ಪಣಿ ಬರೆದರು. ಜನವರಿಯ ಆ ಬಲೆಗೆ ಎರಡು ಏಡಿ ಸಿಕ್ಕಿದ್ದವು. ಅವುಗಳ ಫೋಟೋ ವರದಿಯಲ್ಲಿ ಪೂರ್ತಿ ಪುಟದಷ್ಟು ದೊಡ್ಡದಾಗಿತ್ತು.

ಮರುದಿನ ಬೆಳಗ್ಗೆ ಗುರುವಯ್ಯನವರು ಬಂದು ಒಳಗಿನ ಬೆಂಚಿನ ಮೇಲೆ ಕೂತರು. ತಾಹಿರಾ ಟೀ ಗ್ಲಾಸನ್ನು ಅಲ್ಲಿಗೇ ತಂದಿಟ್ಟಳು.

ಮೇ ಕೊನೆಗೆ ಆ ಅಧ್ಯಯನಕ್ಕೆ ಭವ್ಯಾ ಎಂಬ ಹುಡುಗಿ ಬಂದಳು. ಮೀನಿನ ಬಗ್ಗೆ ಓದಿ ಡಾಕ್ಟರೇಟ್ ಮಾಡಿದವಳು. ಅವಳ ಖರ್ಚು ಕಂಪನಿಯದೇ. ಹಾಗಾಗಿ ಊರವರು ಅವಳನ್ನು ಅನುಮಾನದಿಂದ ನೋಡಿದರು. ಕಂಪನಿಯವರೂ ಅಷ್ಟೇ ಅನುಮಾನದಿಂದ ನೋಡುತ್ತಿದ್ದರು. ಶಾಲೆಯ ಹಿಂದಿನ ಕೋಣೆಯಲ್ಲಿ ಅವಳಿಗೆ ವಾಸ, ತಾಹಿರಾಳ ಹೋಟೆಲಿನಲ್ಲಿ ಊಟ. ಎರಡನೇ ದಿನ ಅವಳು ಒಂದು ಮಾತು ಹೇಳಿದಳು.

“ಅಮ್ಮಾ, ಮೀನು ಹತ್ತೋ ದಿನ ಊರವರೆಲ್ಲ ಕೂಳಿ ಇಟ್ಟರೆ ನನಗೆ ಎಣಿಸೋಕೆ ಏನೂ ಉಳಿಯಲ್ಲ. ಸೇತುವೆ ಕೆಳಗೆ ನಾನು ಎಣಿಸೋದು. ಅಲ್ಲೀವರೆಗೆ ಬರೋ ಹಾಗಾಗಬೇಕು.”

ಅಂದರೆ ಈ ವರ್ಷ ಯಾರೂ ಹತ್ತುಮೀನು ಹಿಡಿಯಕೂಡದು. ಇದನ್ನು ಊರಿಗೆ ಯಾರು ಹೇಳುವುದು ಎಂಬ ಪ್ರಶ್ನೆ ಬಂದಾಗ ಸಮಿತಿಯವರೆಲ್ಲ ತಾಹಿರಾಳನ್ನು ನೋಡಿದರು. ಗಣಿಯನ್ನು ವಿರೋಧಿಸುವುದು ಒಂದು, ಮೀನು ಬಿಡುವುದು ಇನ್ನೊಂದು. ಅಧ್ಯಕ್ಷರಿಗೇ ಅದರ ಬಗ್ಗೆ ಪೂರ್ತಿ ಒಪ್ಪಿಗೆ ಇರಲಿಲ್ಲ.

ತಾಹಿರಾ ಮಧ್ಯಾಹ್ನದ ಊಟದ ಹೊತ್ತು ಮುಗಿದ ಮೇಲೆ ದಿನಕ್ಕೆ ನಾಲ್ಕೈದು ಮನೆ ಸುತ್ತಿದಳು. ಜೊತೆಗೆ ಎಸ್ಟೇಟಿನ ಲೈನಿನಲ್ಲಿರುವ ಭಾಗಮ್ಮ ಬಂದಳು. ಭಾಗಮ್ಮ ಕಾಫಿ ಕೊಯ್ಲಿನಲ್ಲಿ ಎತ್ತಿದ ಕೈ. ಬಿಡುವಿನ ತಿಂಗಳಲ್ಲಿ ಹೋಟೆಲಿನ ಕೆಲಸಕ್ಕೆ ಬರುತ್ತಿದ್ದಳು. ತಾಹಿರಾ ಹೇಳದ ಮಾತುಗಳನ್ನೆಲ್ಲ ಭಾಗಮ್ಮ ಹೇಳುತ್ತಿದ್ದಳು.

“ಒಂದ್ ವರ್ಷ ತಿನ್ನದಿದ್ರೆ ಸಾಯ್ತೀರೇನ್ರೋ? ಗಣಿ ಬಂದ್ರೆ ಆಮೇಲೆ ಕೆಸರು ತಿನ್ಕೊಂಡಿರಿ.”

ಗುರುವಯ್ಯನವರ ಮನೆಯಲ್ಲಿ ಅರ್ಧ ಗಂಟೆ ಹಿಡಿಯಿತು.

“ಎಷ್ಟು ದಿನ?” ಎಂದರು ಅವರು.

“ಮೇಡಂ ಎಣಿಸಿ ಮುಗಿಯೋ ತನಕ.”

“ಎಣಿಸಿದ ಮೇಲೆ ಹಿಡೀಬೋದಲ್ಲ?”

“ಎಣಿಸಿದ ಮೇಲೆ ಮೊಟ್ಟೆ ಇಡಕ್ಕೆ ಹೋಗ್ತವೆ.”

“ಇಟ್ಟು ವಾಪಸ್ ಬರ್ತವಲ್ಲ, ಆಗ?”

“ಆಗ ನೀವೇ ಭದ್ರೆಗೆ ಹೋಗಿ ಕೇಳ್ಕೊಳಿ,” ಎಂದಳು ತಾಹಿರಾ. ಗುರುವಯ್ಯನವರ ಹೆಂಡತಿ ಸರೋಜಮ್ಮ ಅಟ್ಟದ ಮೇಲಿದ್ದ ಎರಡು ಕೂಳಿಗಳನ್ನು ತಾವೇ ಇಳಿಸಿ, ಬಾಯಿಗೆ ದಾರ ಕಟ್ಟಿ ತಿರುಗಿ ಅಟ್ಟಕ್ಕೇ ಇಟ್ಟರು.

ಮಳೆ ಬರಲಿಲ್ಲ. ಜೂನ್ ಐದು ಕಳೆಯಿತು, ಹತ್ತು ಕಳೆಯಿತು. ಮೋಡ ದಿನಾ ಮಧ್ಯಾಹ್ನ ಸಂಕಲಗುಡ್ಡದ ಮೇಲೆ ಬಂದು ಕೂತು, ಸಂಜೆ ಎದ್ದು ಹೋಗುತ್ತಿತ್ತು. ಕಂಪನಿಯಿಂದ ಭವ್ಯಾಳಿಗೆ ಫೋನುಗಳು ಬರತೊಡಗಿದವು: ಮೀನು ಇಲ್ಲವೆಂದು ಬರೆದು ಹೊರಡಬಾರದೇ ಎಂದು. ಅವಳು ನಾಳೆ ಹೇಳುತ್ತೇನೆ ಎನ್ನುತ್ತಿದ್ದಳು. ಹದಿನೈದನೇ ತಾರೀಕು ಅವಳು ಊಟ ಅರ್ಧಕ್ಕೆ ಬಿಟ್ಟು ಕೂತಳು.

“ಬರದೇ ಹೋದ್ರೆ ಅಮ್ಮಾ?”

“ಮಳೆನಾ, ಮೀನಾ?”

“ಎರಡೂ.”

“ಊಟ ಮಾಡಿ,” ಎಂದಳು ತಾಹಿರಾ. ಅವಳಿಗೂ ಒಳಗೊಳಗೇ ಹೆದರಿಕೆ ಇತ್ತು. ಇನ್ನೂರು ಜನರೆದುರು ಮೈಕಿನಲ್ಲಿ ಹೇಳಿದ ಮಾತು ಈಗ ಮೋಡದ ಕೈಯಲ್ಲಿತ್ತು.

ಹತ್ತೊಂಬತ್ತನೇ ತಾರೀಕು ಬೆಳಗಿನ ಜಾವ ಹಿಡಿದ ಮಳೆ ಮಧ್ಯಾಹ್ನವಾದರೂ ಬಿಡಲಿಲ್ಲ. ಸೇತುವೆಯ ಕೆಳಗೆ ಹಳ್ಳ ಮೊದಲು ಬೂದುಬಣ್ಣವಾಗಿ, ಆಮೇಲೆ ಕೆಂಪಾಗಿ, ದನಿ ಬದಲಿಸಿತು. ಎರಡು ಗಂಟೆಗೆ ಭಾಗಮ್ಮ ಎಲೆ ಹೆಣೆದ ಗೊರಬು ಹೊದ್ದುಕೊಂಡು ಓಡಿ ಬಂದಳು. “ಬಂದ್ವು,” ಎಂದಳು ಅಷ್ಟೇ.

ಹೋಟೆಲಿನಲ್ಲಿ ಆಗ ಆರು ಜನ ಊಟಕ್ಕೆ ಕೂತಿದ್ದರು. ತಾಹಿರಾ ಸೌಟನ್ನು ಜಿಯಾಉದ್ದೀನನ ಕೈಗೆ ಕೊಟ್ಟು ಹೊರಟಳು. ಅವನ ಕೈಯಲ್ಲಿ ಗ್ರೀಸಿತ್ತು. ಸೌಟು ಹಿಡಿದುಕೊಂಡು ನಿಂತ.

ಸೇತುವೆಯ ಕೆಳಗೆ, ನೀರು ಮೂರಡಿ ಎತ್ತರದಿಂದ ಬೀಳುವ ಬಂಡೆಯ ಹತ್ತಿರ ಭವ್ಯಾ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಿಂತಿದ್ದಳು. ದಡದಲ್ಲಿ ಊರಿಗೆ ಊರೇ ಬರಿಗೈಯಲ್ಲಿ ನಿಂತಿತ್ತು. ಮೊದಲು ತಾಹಿರಾಳಿಗೆ ಕೆಂಪು ನೀರು ಬಿಟ್ಟರೆ ಏನೂ ಕಾಣಲಿಲ್ಲ. ಆಮೇಲೆ ಆ ನೀರಿನಿಂದ ಬೆಳ್ಳಗಿನದೊಂದು ಮೇಲೆದ್ದು, ಬಂಡೆಗೆ ಬಡಿದು, ತಿರುಗಿ ಬಿತ್ತು. ಇನ್ನೊಂದು ಎದ್ದಿತು, ಅದೂ ಬಿತ್ತು. ಮತ್ತೆ ಮೊದಲಿನದೇ ಇರಬೇಕು, ಎದ್ದು, ಬಾಲದಿಂದ ನೀರನ್ನು ಎರಡು ಸಲ ಹೊಡೆದು, ಮೇಲಕ್ಕೆ ಹೋಯಿತು. ಅದರ ಹಿಂದೆ ಸಣ್ಣವು, ದೊಡ್ಡವು, ತೋಳುದ್ದದ ಬಿಳಿಮೀನುಗಳು ಒಂದರ ಮೇಲೊಂದು ಬಂದವು. ತನ್ನ ಜನ್ಮವೆಲ್ಲ ಅವಳು ನೋಡಿದ್ದು ಐಸಿನ ಮೇಲೆ ಇಲ್ಲವೇ ಬುಟ್ಟಿಯಲ್ಲಿ ಮಲಗಿದ ಮೀನು. ಅದಕ್ಕೆ ಎಲ್ಲಿಗಾದರೂ ಹೋಗುವ ಕೆಲಸವಿರುತ್ತದೆಂದು ಅವಳಿಗೆ ಹೊಳೆದಿರಲಿಲ್ಲ. ಸೆರಗು ಪೂರ್ತಿ ಒದ್ದೆಯಾದದ್ದು ಗೊತ್ತಾಗದೆ ಅವಳು ಸಂಜೆಯವರೆಗೂ ನಿಂತಳು. ಪಕ್ಕದಲ್ಲಿ ಯಾರೋ, “ಎಷ್ಟು ಸಾರಾಗ್ತಿತ್ತು,” ಎಂದು ನಿಟ್ಟುಸಿರು ಬಿಟ್ಟರು.

ಆರು ದಿನ ಎಣಿಕೆ ನಡೆಯಿತು. ಎರಡನೇ ದಿನ ಮೇಲಿನ ಕಾಲುವೆಯಲ್ಲಿ ಒಂದು ಕೂಳಿ ಸಿಕ್ಕಿತು, ಅದರೊಳಗೆ ಮೂರು ಮೀನು. ಕೂಳಿ ಗುರುವಯ್ಯನವರದೆಂದು ಎಲ್ಲರಿಗೂ ಗೊತ್ತಾಯಿತು. ಅದು ಹೋದ ವರ್ಷ ಇಟ್ಟದ್ದು, ತೆಗೆಯಲು ಮರೆತಿದ್ದೆ ಎಂದರು ಅವರು. ಬಿದಿರು ಇನ್ನೂ ಹಸಿರಾಗಿತ್ತು. ಆ ಮೂರೂ ಆಗಲೇ ಎಣಿಕೆಗೆ ಸೇರಿವೆ ಎಂದು ಹೇಳಿ ಭವ್ಯಾ ಅವನ್ನು ನೀರಿಗೆ ಬಿಟ್ಟಳು. ಅಧ್ಯಕ್ಷರು ಅಂದಿನಿಂದ ಕೊನೆಯವರೆಗೂ ಕಾಲುವೆ ಕಾಯುವ ಕೆಲಸವನ್ನು ತಾವೇ ವಹಿಸಿಕೊಂಡರು, ಬಹಳ ಕಟ್ಟುನಿಟ್ಟಾಗಿ.

ಒಟ್ಟು ಹನ್ನೊಂದು ಜಾತಿ, ನಾಲ್ಕು ಸಾವಿರದ ಮೇಲೆ ಮೀನು. ಹೊಸ ವರದಿ ಅಕ್ಟೋಬರಿನಲ್ಲಿ ಬಂತು. ಅದರಲ್ಲಿ ಭವ್ಯಾ, ಗುಡ್ಡದ ಮೇಲಿನ ಮಡುಗಳೇ ಈ ಮೀನುಗಳ ಹೆರಿಗೆ ಮನೆ, ಅಲ್ಲಿ ಅಗೆದರೆ ಕೆಳಗೆ ಭದ್ರೆಯವರೆಗೂ ಸಂತತಿ ಉಳಿಯುವುದಿಲ್ಲ ಎಂದು ನೇರವಾಗಿ ಬರೆದಿದ್ದಳು. ಕಂಪನಿ ಅವಳನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಅರ್ಜಿಯನ್ನು ಪರಿಶೀಲಿಸುವ ಸರ್ಕಾರದ ಸಮಿತಿ ಇಡೀ ಯೋಜನೆಯನ್ನು ಹೊಸದಾಗಿ ತಯಾರಿಸಿಕೊಂಡು ಬನ್ನಿ ಎಂದು ಕಂಪನಿಗೆ ಹಿಂದಿರುಗಿಸಿತು. ಅವರು ಇನ್ನೂ ತಂದಿಲ್ಲ. ಅರ್ಜಿ ವಾಪಸ್ ತೆಗೆದುಕೊಂಡೂ ಇಲ್ಲ. ಷಡಕ್ಷರಿಯವರು ತಿಂಗಳಿಗೊಮ್ಮೆ ಕಂಪ್ಯೂಟರಿನಲ್ಲಿ ನೋಡಿ, ಹಾಗೇ ಇದೆ ಎಂದು ಬಂದು ಹೇಳುತ್ತಾರೆ. ಊರಿನ ಗಣಿ ವಿರೋಧಿ ಸಮಿತಿಯೂ ಹಾಗೇ ಇದೆ.

ಬಿಳಿ ಜೀಪುಗಳು ಬರುವುದು ನಿಂತವು. ಜಿಯಾಉದ್ದೀನ್ ಒಂದು ತಿಂಗಳು ಮುಖ ಊದಿಸಿಕೊಂಡಿದ್ದ. ಆಮೇಲೆ ಒಂದು ದಿನ ಅವನಾಗಿಯೇ, “ಸಭೇಲಿ ನೀನು ಮೊಟ್ಟೆ ವಿಷಯ ಹೇಳಿದ್ದು ಚೆನ್ನಾಗಿತ್ತು,” ಎಂದ.

“ಹೂಂ,” ಎಂದಳು ತಾಹಿರಾ.

ಈ ವರ್ಷ ಮಳೆ ಜೂನ್ ಎಂಟಕ್ಕೇ ಹಿಡಿಯಿತು. ಮೊದಲ ಎರಡು ದಿನ ಯಾರೂ ಕೂಳಿ ಇಡಬಾರದು, ಮೂರನೇ ದಿನದಿಂದ ಮನೆಗೊಂದು ಎಂದು ಊರವರೇ ಕೂತು ತೀರ್ಮಾನಿಸಿದ್ದರು. ಒಂಬತ್ತನೇ ತಾರೀಕು ಮಧ್ಯಾಹ್ನ ಮೂಡಿಗೆರೆ ಬಸ್ಸಿನಿಂದ ಇಳಿದ ಒಬ್ಬರು ಹೋಟೆಲಿಗೆ ಬಂದರು. ಭಾಗಮ್ಮ ಒಬ್ಬಳೇ ಇದ್ದಳು.

“ತಾಹಿರಾ ಇಲ್ವಾ?”

“ಹಳ್ಳದ ಹತ್ರ ಹೋಗಿದ್ದಾಳೆ.”

“ಹಿಡಿಯಕ್ಕಾ?”

“ಅಲ್ಲ. ನಿಂತ್ಕೊಳಕ್ಕೆ.”

ಬಂದವರು ಕೊಡೆ ಮಡಿಸಿ ಕೂತರು. ಭಾಗಮ್ಮ ಅವರಿಗೆ ಕಡುಬು ಬಡಿಸಿ, ಮಳೆಯ ಥಂಡಿಗೆ ಆರಿಹೋಗುತ್ತಿದ್ದ ಒಲೆಗೆ ಇನ್ನೊಂದು ಸೌದೆ ಇಟ್ಟಳು.